ಹಕ್ಕು ಅನುಮತಿಯಾದ ಬಗೆ

1973ನೆಯ ಇಸವಿ ಜನವರಿ 1ನೆಯ ತಾರೀಖಿನಂದು ಬ್ರಿಟನ್ನಿನಲ್ಲಿ ಎರಡು ಸಂಗತಿಗಳು ಏಕಕಾಲದಲ್ಲಿ ನಡೆದವು. ಮೊದಲನೆಯದು ಎಲ್ಲರೂ ಬಲ್ಲದ್ದು: ಫ್ರಾನ್ಸಿನ ಅಧ್ಯಕ್ಷ ದ ಗಾಲ್ ಅವರಿಂದ 1963ರಲ್ಲಿ ಒಮ್ಮೆ, 1967ರಲ್ಲಿ ಮತ್ತೊಮ್ಮೆ ತಡೆಯಲ್ಪಟ್ಟು ಹೊರಗೇ ಕಾದಿದ್ದ ಬ್ರಿಟನ್ ಅಂದು ಐರೋಪ್ಯ ಆರ್ಥಿಕ ಸಮುದಾಯದ ಸದಸ್ಯತ್ವವನ್ನು ಪಡೆಯಿತು. ಎರಡನೆಯದನ್ನು ನೆನೆಯುವವರು ಕಡಮೆ: 1971ರಲ್ಲಿ ಪಾರ್ಲಿಮೆಂಟು ಅಂಗೀಕರಿಸಿದ್ದ ವಲಸೆಯ ಶಾಸನವು ಜಾರಿಗೆ ಬಂದದ್ದೂ ಅದೇ ದಿನವೇ. 1948ರ ಪೌರತ್ವ ಶಾಸನದ ಬಲದಿಂದ ಭಾರತದ ಪ್ರಜೆಯೊಬ್ಬನು, ಯಾರ ಅಪ್ಪಣೆಯನ್ನೂ ಬೇಡದೆ, ಹಡಗಿನಿಂದ ಇಳಿದವನೇ ಬರ್ಮಿಂಗ್‌ಹ್ಯಾಮಿನ ಎರಕದ ಕಾರ್ಖಾನೆಯಲ್ಲಿ ಕೂಲಿಗೆ ನಿಲ್ಲಬಹುದಾಗಿದ್ದ ಕಾಲವೊಂದಿತ್ತು. 1962ರ ಶಾಸನವು ಆ ಅವಕಾಶಕ್ಕೆ ಉದ್ಯೋಗಪತ್ರದ ಕಟ್ಟಳೆಯನ್ನು ಹಾಕಿತು. 1973ರಲ್ಲಿ ಜಾರಿಗೆ ಬಂದ ಶಾಸನವಾದರೋ ಕಾಮನ್‌ವೆಲ್ತಿನ ಬಹುಮಂದಿಯನ್ನು ಉಳಿದ ವಿದೇಶೀಯರ ಸಾಲಿನಲ್ಲಿಯೇ ನಿಲ್ಲಿಸಿತು. ಇಟಲಿಯ ಹೋಟೆಲು ಕೆಲಸಗಾರನಿಗೆ ಲಂಡನ್ನು ಹಕ್ಕಿನ ಊರಾದ ದಿನವೇ ಜಮೈಕದ ಬಡಗಿಗೂ ಪಂಜಾಬಿನ ಕಮ್ಮಾರನಿಗೂ ಅದು ಪರಸ್ಥಳವಾಯಿತು. ರಾಜಕೀಯ ಬಾಂಧವ್ಯವೊಂದು ಸಡಿಲಾದಾಗ ದುಡಿಯುವವನ ಗತಿ ಏನಾಗುತ್ತದೆಂಬುದನ್ನು ಹೀಗೆ ನಮ್ಮ ದೇಶದವರು ಯೂರೋಪಿನವರಿಗಿಂತ ಮುಂಚೆಯೇ ಅನುಭವಿಸಿ ತಿಳಿದಿದ್ದರು. ಆದುದರಿಂದ ಯೂರೋಪಿಯನ್ ಒಕ್ಕೂಟವನ್ನು ತಮ್ಮ ದೇಶವು ಬಿಟ್ಟುಬಂದುದರ ಫಲವಾಗಿ 2020ರ ಡಿಸೆಂಬರ್ 31ರ ರಾತ್ರಿ 11 ಗಂಟೆಗೆ ಬ್ರಿಟನ್ನಿನ ಪ್ರಜೆಗಳು ಕಳೆದುಕೊಂಡದ್ದೇನು ಎಂಬ ವಿಚಾರವು ನಮಗೆ ಕೇವಲ ದೂರದ ಸುದ್ದಿಯಾಗಿರಬೇಕಾಗಿಲ್ಲ.

ಕಳೆದುಕೊಂಡದ್ದನ್ನು ಅಳೆಯಬೇಕಾದರೆ ಇದ್ದದ್ದೇನೆಂಬುದನ್ನು ಮೊದಲು ನೋಡಬೇಕು. 1957ರ ಮಾರ್ಚ್ 25ರಂದು ಆರು ರಾಷ್ಟ್ರಗಳು ರೋಮ್ ನಗರದಲ್ಲಿ ಸಹಿ ಹಾಕಿದ ಕೌಲಿನಲ್ಲಿ, ಸರಕು, ಬಂಡವಾಳ, ಸೇವೆ ಇವುಗಳೊಡನೆ ಮನುಷ್ಯನ ಸಂಚಾರವನ್ನೂ ಮುಕ್ತಗೊಳಿಸುವ ಸಂಕಲ್ಪವಿತ್ತು. 1968ರ ಅಕ್ಟೋಬರಿನಲ್ಲಿ ಹೊರಟ ನಿಯಮಾವಳಿಯು ಆ ಸಂಕಲ್ಪಕ್ಕೆ ಕೈಕಾಲುಗಳನ್ನು ಕೊಟ್ಟಿತು. ಅದರ ತಾತ್ಪರ್ಯವಿಷ್ಟು: ಸದಸ್ಯ ರಾಷ್ಟ್ರವೊಂದರ ಪ್ರಜೆಯು ಬೇರೊಂದು ಸದಸ್ಯ ರಾಷ್ಟ್ರಕ್ಕೆ ಹೋಗಿ ಕೆಲಸ ಹುಡುಕಬಹುದು, ಸಿಕ್ಕಿದ ಕೆಲಸವನ್ನು ಒಪ್ಪಿಕೊಳ್ಳಬಹುದು, ಸಂಸಾರವನ್ನು ಕರೆಸಿಕೊಳ್ಳಬಹುದು, ಕೂಲಿಯಲ್ಲಿಯಾಗಲಿ, ಕೆಲಸದಿಂದ ತೆಗೆಯುವ ನಿಯಮಗಳಲ್ಲಿಯಾಗಲಿ, ಕಾರ್ಮಿಕಸಂಘದ ಸದಸ್ಯತ್ವದಲ್ಲಿಯಾಗಲಿ, ಅವನನ್ನು ಆ ದೇಶದ ಪ್ರಜೆಗಿಂತ ಕೀಳಾಗಿ ಕಾಣಕೂಡದು. ಮುಂದೆ ಬಂದ ನಿಯಮಗಳು ಇದಕ್ಕೆ ಮತ್ತಷ್ಟನ್ನು ಕೂಡಿಸಿದವು. ಹತ್ತು ವರ್ಷ ಲೀಡ್ಸ್‌ನಲ್ಲಿಯೂ ಹದಿನೈದು ವರ್ಷ ಲಿಯೋನಿನಲ್ಲಿಯೂ ದುಡಿದವನ ವೃದ್ಧಾಪ್ಯ ವೇತನವನ್ನು ನಿಷ್ಕರ್ಷಿಸುವಾಗ ಎರಡು ದೇಶಗಳ ವರ್ಷಗಳನ್ನೂ ಕೂಡಿಸಿ ಲೆಕ್ಕ ಹಿಡಿಯುವ ಏರ್ಪಾಡಾಯಿತು. ದಾದಿ, ವೈದ್ಯ, ವಾಸ್ತುಶಿಲ್ಪಿ ಮೊದಲಾದವರ ಅರ್ಹತಾಪತ್ರಗಳು ಗಡಿ ದಾಟಿದೊಡನೆ ನಿರರ್ಥಕವಾಗದಂತೆ ವಿಧಿಗಳು ರೂಪುಗೊಂಡವು. 2004ರಲ್ಲಿ ಬಂದ ನಿರ್ದೇಶನವು, ಐದು ವರ್ಷ ವಾಸವಾಗಿದ್ದವನಿಗೆ ಶಾಶ್ವತ ನಿವಾಸದ ಹಕ್ಕನ್ನು ದೃಢಪಡಿಸಿತು. ಇವೆಲ್ಲಕ್ಕೂ ಮೇಲಾಗಿ, 1993ರಲ್ಲಿ ಜಾರಿಗೆ ಬಂದ ಮಾಸ್ಟ್ರಿಕ್ಟ್ ಒಡಂಬಡಿಕೆಯು ಈ ಜನರೆಲ್ಲರನ್ನೂ ಯೂರೋಪಿಯನ್ ಒಕ್ಕೂಟದ ಪೌರರೆಂದು ಕರೆದು, ಕೆಲಸಗಾರನೆಂಬ ಕಾರಣಕ್ಕೆ ದೊರೆತಿದ್ದುದನ್ನು ಪೌರತ್ವದ ನೆಲೆಗೆ ಏರಿಸಿತು.

ಈ ಹಕ್ಕು ಎಷ್ಟು ದೂರ ವ್ಯಾಪಿಸಿತ್ತೆಂಬುದಕ್ಕೆ ನನಗೆ ಬಹಳ ಅರ್ಥವತ್ತಾಗಿ ತೋರುವ ನಿದರ್ಶನವೊಂದುಂಟು. ಹಾಲೆಂಡಿನಲ್ಲಿ ನೆಲಸಿದ್ದ ಬ್ರಿಟಿಷ್ ಮಹಿಳೆಯೊಬ್ಬರು ಹೋಟೆಲೊಂದರಲ್ಲಿ ಕೊಠಡಿಗಳನ್ನು ಒಪ್ಪಮಾಡುವ ಕೆಲಸವನ್ನು, ಅದೂ ದಿನದ ಕೆಲವೇ ಗಂಟೆಗಳ ಮಟ್ಟಿಗೆ, ಮಾಡುತ್ತಿದ್ದರು. ಅಷ್ಟು ಅಲ್ಪ ಸಂಪಾದನೆಯವಳನ್ನು ಕೌಲಿನ ಅರ್ಥದಲ್ಲಿ ಕೆಲಸಗಾರಳೆಂದು ಎಣಿಸಲಾಗದೆಂದು ಡಚ್ ಅಧಿಕಾರಿಗಳು ನಿವಾಸಪತ್ರವನ್ನು ನಿರಾಕರಿಸಿದಾಗ, ವ್ಯಾಜ್ಯವು ಲಕ್ಸೆಂಬರ್ಗಿನ ಐರೋಪ್ಯ ನ್ಯಾಯಾಲಯದವರೆಗೂ ಹೋಯಿತು. 1982ರ ಮಾರ್ಚಿನಲ್ಲಿ ಆ ನ್ಯಾಯಾಲಯವು, ಮಾಡುವ ಕೆಲಸ ನಿಜವಾದದ್ದೂ ಪರಿಣಾಮಕಾರಿಯಾದದ್ದೂ ಆಗಿದ್ದರೆ ಸಾಕು, ಗಂಟೆ ಕಡಮೆಯೆಂದಾಗಲಿ ಸಂಬಳ ಸಣ್ಣದೆಂದಾಗಲಿ ಹಕ್ಕು ಇಲ್ಲವಾಗುವುದಿಲ್ಲವೆಂದು ತೀರ್ಪಿತ್ತಿತು. ಹದಿಮೂರು ವರ್ಷಗಳ ಮೇಲೆ ಬೆಲ್ಜಿಯಮ್ಮಿನ ಫುಟ್‌ಬಾಲ್ ಆಟಗಾರ ಬೋಸ್ಮನ್ ಅವರ ಪ್ರಕರಣದಲ್ಲಿ ಹೊರಬಿದ್ದ ತೀರ್ಪು ಜಗತ್ಪ್ರಸಿದ್ಧವಾಗಿ ಆ ಕ್ರೀಡೆಯ ಅರ್ಥವ್ಯವಸ್ಥೆಯನ್ನೇ ತಿರುಗಿಸಿತೆಂಬುದು ನಿಜ. ಆದರೆ ನನ್ನ ಮಟ್ಟಿಗೆ, ಹಾಸಿಗೆಯ ಹೊದಿಕೆ ಬದಲಿಸುವ ಹೆಣ್ಣುಮಗಳನ್ನು ಹಕ್ಕುಳ್ಳವಳೆಂದು ಗುರುತಿಸಿದ ಆ ಹಿಂದಿನ ತೀರ್ಪೇ ಹೆಚ್ಚು ಗೌರವಾರ್ಹವಾದದ್ದು. ಆ ಕಾಲಕ್ಕೆ ಇಂಗ್ಲೆಂಡಿನ ಈಶಾನ್ಯ ಭಾಗದಲ್ಲಿ ಗಣಿಗಳೂ ಹಡಗುಕಟ್ಟೆಗಳೂ ಮುಚ್ಚಿಹೋಗಿ, ಗಾರೆ ಕೆಲಸದವರೂ ಬಡಗಿಗಳೂ ಕೂಲಿಗಾಗಿ ಜರ್ಮನಿಗೆ ಗುಳೆ ಹೋಗುತ್ತಿದ್ದರು. ಅವರ ಬದುಕನ್ನು ಕುರಿತ ದೂರದರ್ಶನ ಧಾರಾವಾಹಿಯೊಂದು 1983ರಲ್ಲಿ ಬ್ರಿಟನ್ನಿನಲ್ಲಿ ಬಹಳ ಜನಪ್ರಿಯವಾಯಿತು. ಆ ಮೇಸ್ತ್ರಿಗಳ ಬಳಿ ಪದವಿಯಿರಲಿಲ್ಲ, ಉಳಿತಾಯವಿರಲಿಲ್ಲ, ಜರ್ಮನ್ ಭಾಷೆಯೂ ಬರುತ್ತಿರಲಿಲ್ಲ. ಪ್ರಜೆಗಳೆಂಬ ಒಂದೇ ಕಾರಣಕ್ಕೆ ಅವರು ಅಲ್ಲಿ ಕರಣೆ ಹಿಡಿಯಬಹುದಾಗಿತ್ತು.

ಹಕ್ಕಿಗೂ ಅನುಮತಿಗೂ ಇರುವ ವ್ಯತ್ಯಾಸ ಇಲ್ಲಿ ಸ್ಪಷ್ಟವಾಗುತ್ತದೆ. ಅನುಮತಿಯನ್ನು ಕೊಡುವವನು ತನ್ನ ಪ್ರಯೋಜನವನ್ನು ಎಣಿಸಿಕೊಡುತ್ತಾನೆ. ನಿನ್ನಿಂದ ನನ್ನ ದೇಶಕ್ಕೆ ಲಾಭವೇನು, ನಿನ್ನ ವಿದ್ಯೆಯೆಷ್ಟು, ನಿನಗೆ ಸಂಬಳವೆಷ್ಟು ಬರುತ್ತದೆ ಎಂದು ಕೇಳುತ್ತಾನೆ. ಪ್ರಯೋಜನ ತೀರಿದಾಗ ಹಿಂತೆಗೆದುಕೊಳ್ಳುತ್ತಾನೆ. ಹಕ್ಕುಳ್ಳವನನ್ನು ಈ ಪ್ರಶ್ನೆಗಳನ್ನು ಕೇಳುವಂತಿಲ್ಲ. ಅವನನ್ನು ತಡೆಯುವ ಸರ್ಕಾರವೇ ಕಾರಣವನ್ನು ಹೇಳಬೇಕಾಗುತ್ತದೆ. ಒಕ್ಕೂಟವನ್ನು ಬಿಟ್ಟುಬಂದ ಬ್ರಿಟನ್ ತನ್ನ ಪ್ರಜೆಗಳಿಗೆ ವಿದೇಶದಲ್ಲಿ ದುಡಿಯುವುದನ್ನು ನಿಷೇಧಿಸಲಿಲ್ಲವೆಂದು ಸಮರ್ಥಕರು ಹೇಳುವುದುಂಟು, ಹೇಳುವುದು ಸತ್ಯವೂ ಹೌದು. ಆದರೆ ಹೊರೆಯು ಒಂದು ಹೆಗಲಿನಿಂದ ಇನ್ನೊಂದಕ್ಕೆ ಬದಲಾಯಿತು: ಕಾರಣ ಹೇಳಬೇಕಾದವನು ಈಗ ಕೆಲಸಗಾರನೇ.

ಒಕ್ಕೂಟದಿಂದ ಹೊರಬಂದರೆ ಇದು ಅನಿವಾರ್ಯವೇ ಎಂದು ಕೇಳಿದರೆ, ಅಲ್ಲವೆಂದೇ ಉತ್ತರ ಕೊಡಬೇಕಾಗುತ್ತದೆ. ಗ್ರೀನ್‌ಲೆಂಡ್ 1982ರಲ್ಲಿ ಜನಮತ ತೆಗೆದುಕೊಂಡು 1985ರ ಫೆಬ್ರವರಿಯಲ್ಲಿ ಐರೋಪ್ಯ ಸಮುದಾಯವನ್ನು ಬಿಟ್ಟಿತು. ಮೀನುಗಾರಿಕೆಯ ಅಧಿಕಾರ ಅದಕ್ಕೆ ಮುಖ್ಯವಾಗಿತ್ತು. ಆದರೆ ಅಲ್ಲಿಯ ಜನ ಡೆನ್ಮಾರ್ಕಿನ ಪೌರರಾಗಿಯೇ ಉಳಿದದ್ದರಿಂದ ಇಂದಿಗೂ ಒಕ್ಕೂಟದ ಪೌರತ್ವ ಅವರಿಗಿದೆ. ನಾರ್ವೆ ಎಂದೂ ಒಕ್ಕೂಟದ ಸದಸ್ಯನಲ್ಲ, ಸ್ವಿಟ್ಜರ್ಲೆಂಡೂ ಅಲ್ಲ. ಆದರೂ ಒಂದು ಐರೋಪ್ಯ ಆರ್ಥಿಕ ವಲಯದ ಮೂಲಕ, ಇನ್ನೊಂದು 2002ರಲ್ಲಿ ಜಾರಿಗೆ ಬಂದ ಪ್ರತ್ಯೇಕ ಒಪ್ಪಂದದ ಮೂಲಕ, ತಮ್ಮ ಪ್ರಜೆಗಳಿಗೆ ಈ ಸ್ವಾತಂತ್ರ್ಯವನ್ನು ದೊರಕಿಸಿಕೊಟ್ಟಿವೆ. ಆ ಒಪ್ಪಂದವನ್ನು ರದ್ದುಪಡಿಸಬೇಕೆಂಬ ಸೂಚನೆ 2020ರ ಸೆಪ್ಟೆಂಬರಿನಲ್ಲಿ ಸ್ವಿಸ್ ಮತದಾರರ ಮುಂದೆ ಬಂದಾಗ ಶೇಕಡ 61.7 ಮಂದಿ ಅದನ್ನು ತಿರಸ್ಕರಿಸಿದರು. ಬ್ರಿಟನ್ನಿನ 2016ರ ಜೂನ್ 23ರ ಮತಪತ್ರದಲ್ಲಿಯಾದರೂ ಒಕ್ಕೂಟದಲ್ಲಿರಬೇಕೋ ಬಿಡಬೇಕೋ ಎಂಬಷ್ಟನ್ನೇ ಕೇಳಿದ್ದರು, ಶೇಕಡ 51.9 ಮಂದಿ ಬಿಡಬೇಕೆಂದರು. ಏಕಮಾರುಕಟ್ಟೆಯನ್ನೂ ಅದರೊಡನೆ ಮುಕ್ತಸಂಚಾರವನ್ನೂ ಬಿಡುವುದೇ ಅದರ ಅರ್ಥವೆಂಬ ವ್ಯಾಖ್ಯಾನವು 2017ರ ಜನವರಿಯಲ್ಲಿ ಪ್ರಧಾನಿ ತೆರೇಸಾ ಮೇ ಅವರು ಲಂಕ್ಯಾಸ್ಟರ್ ಹೌಸಿನಲ್ಲಿ ಮಾಡಿದ ಭಾಷಣದಿಂದ ಸ್ಥಿರವಾಯಿತು.

ಆ ವ್ಯಾಖ್ಯಾನಕ್ಕೆ ಆಧಾರವಿರಲಿಲ್ಲವೆಂದು ನಾನು ಹೇಳುವುದಿಲ್ಲ. 2004ರ ಮೇ 1ರಂದು ಪೂರ್ವ ಯೂರೋಪಿನ ಎಂಟು ದೇಶಗಳೂ ಸೇರಿದಂತೆ ಹತ್ತು ರಾಷ್ಟ್ರಗಳು ಒಕ್ಕೂಟವನ್ನು ಹೊಕ್ಕಾಗ, ಜರ್ಮನಿ, ಆಸ್ಟ್ರಿಯಗಳು 2011ರವರೆಗೂ ತಮ್ಮ ಕೆಲಸದ ಮಾರುಕಟ್ಟೆಗೆ ತಡೆ ಹಾಕಿಕೊಂಡವು. ಬ್ರಿಟನ್, ಐರ್ಲೆಂಡ್, ಸ್ವೀಡನ್ ಈ ಮೂರು ಮಾತ್ರ ಆರಂಭದಲ್ಲಿಯೇ ತೆರೆದುಕೊಂಡವು. ವರ್ಷಕ್ಕೆ ಹೆಚ್ಚೆಂದರೆ 13,000 ಮಂದಿ ಬಂದಾರೆಂಬ ಅಂದಾಜನ್ನು ಬ್ರಿಟಿಷ್ ಸರ್ಕಾರ ಪ್ರಕಟಿಸಿತ್ತು. ಮೊದಲ ಎರಡು ವರ್ಷಗಳಲ್ಲಿಯೇ ಬಂದವರು ಲಕ್ಷಗಟ್ಟಲೆ. ಲಿಂಕನ್‌ಷೈರಿನ ಬಾಸ್ಟನ್ನಿನಂಥ, ತರಕಾರಿ ಹೊಲಗಳ ನಡುವಣ ಸಣ್ಣ ಪಟ್ಟಣದಲ್ಲಿ, ಶಾಲೆಗೂ ವೈದ್ಯನಿಗೂ ಬಾಡಿಗೆ ಮನೆಗೂ ಹೊಸಬರ ಭಾರ ಬಿದ್ದಾಗ ಸರ್ಕಾರ ನೆರವಿಗೆ ಬಂದದ್ದು ಸಾಲದಾಯಿತು. ಆ ಪಟ್ಟಣದಲ್ಲಿ ಒಕ್ಕೂಟವನ್ನು ಬಿಡಬೇಕೆಂದವರು ಶೇಕಡ 75ಕ್ಕೂ ಮೇಲೆ. ಅವರ ದೂರು ಕೇಳತಕ್ಕ ದೂರೇ. ಆದರೆ ಬರುವವರನ್ನು ತಡೆಯುವ ಬೇಲಿಯೇ ಹೋಗುವವರನ್ನೂ ತಡೆಯುತ್ತದೆಂಬುದನ್ನು, ಬಾಸ್ಟನ್ನಿನ ಮಗನೋ ಮಗಳೋ ನಾಳೆ ರಾಟರ್‌ಡ್ಯಾಮಿನಲ್ಲಿ ಕೆಲಸ ಹುಡುಕಬೇಕಾದೀತೆಂಬುದನ್ನು, ವಾದವಿವಾದದ ಆ ತಿಂಗಳುಗಳಲ್ಲಿ ಬಿಡಿಸಿ ಹೇಳಬೇಕಾಗಿದ್ದವರು ಸಾಕಷ್ಟು ಗಟ್ಟಿಯಾಗಿ ಹೇಳಲಿಲ್ಲ. ಮುಕ್ತಸಂಚಾರವೆಂದರೆ ಪೋಲೆಂಡಿನವರು ಬರುವುದು ಎಂಬಷ್ಟೇ ಅರ್ಥ ಜನರ ಮನಸ್ಸಿನಲ್ಲಿ ನಿಂತುಬಿಟ್ಟಿತು. ಅದು ತಮ್ಮ ಸ್ವತ್ತೂ ಹೌದೆಂಬ ಅರಿವು ಬಹುಮಂದಿಗೆ ಬಂದದ್ದು ಅದು ಕೈಬಿಟ್ಟ ಮೇಲೆಯೇ.

2020ರ ಜನವರಿ 31ರಂದು ಬ್ರಿಟನ್ ಹೊರಬಂದಿತು. ಹನ್ನೊಂದು ತಿಂಗಳ ಸಂಕ್ರಮಣಾವಧಿಯ ಅನಂತರ ಹೊಸ ವ್ಯವಸ್ಥೆ ಪ್ರಾರಂಭವಾಯಿತು. ಆ ವೇಳೆಗಾಗಲೇ ಗಡಿಯಾಚೆ ನೆಲಸಿದ್ದವರನ್ನು ಬೀದಿಪಾಲು ಮಾಡಲಿಲ್ಲವೆಂಬುದನ್ನು ನ್ಯಾಯವಾಗಿ ಹೇಳಬೇಕು. ನಿರ್ಗಮನದ ಒಡಂಬಡಿಕೆಯು, 2020ರ ಅಂತ್ಯದೊಳಗೆ ಯೂರೋಪಿನ ದೇಶಗಳಲ್ಲಿ ಮನೆಮಾಡಿದ್ದ ಹತ್ತು ಲಕ್ಷಕ್ಕೂ ಮಿಕ್ಕ ಬ್ರಿಟಿಷರಿಗೂ, ಬ್ರಿಟನ್ನಿನಲ್ಲಿದ್ದ ಅದಕ್ಕಿಂತ ಹಲವು ಪಟ್ಟು ಹೆಚ್ಚಿನ ಐರೋಪ್ಯರಿಗೂ, ಅವರು ಇದ್ದ ದೇಶದಲ್ಲಿ ಬಾಳುವ ಮತ್ತು ದುಡಿಯುವ ಹಕ್ಕನ್ನು ಉಳಿಸಿಕೊಟ್ಟಿತು. ಆದರೆ 'ಇದ್ದ ದೇಶದಲ್ಲಿ' ಎಂಬ ಆ ಮಿತಿಯನ್ನು ಗಮನಿಸಬೇಕು. ಸ್ಪೇನಿನಲ್ಲಿದ್ದ ಬ್ರಿಟಿಷ್ ಅಧ್ಯಾಪಕನಿಗೆ ಸ್ಪೇನಿನಲ್ಲಿ ಅಭಯ. ಗಡಿಯಾಚೆ ಫ್ರಾನ್ಸಿನಲ್ಲಿ ಒಳ್ಳೆಯ ಕೆಲಸವೊಂದು ಒದಗಿದರೆ, ಅವನು ಅಲ್ಲಿಗೆ ಹೊರಗಿನವನಾಗಿಯೇ ಹೋಗಬೇಕು. ಒಂದು ಖಂಡವೇ ತನ್ನದೆಂದು ನಂಬಿ ಬಾಳುವೆ ಕಟ್ಟಿಕೊಂಡವನಿಗೆ ಒಂದು ದೇಶ ಉಳಿಯಿತು.

ಈ ಪೌರತ್ವವನ್ನು ಹಾಗೆ ಕಿತ್ತುಕೊಳ್ಳಬಹುದೇ ಎಂಬ ಪ್ರಶ್ನೆಯನ್ನು ನ್ಯಾಯಾಲಯದ ಮೆಟ್ಟಿಲಿಗೆ ಒಯ್ದವರೂ ಉಂಟು. ಫ್ರಾನ್ಸಿನ ಜೆರ್ ಪ್ರಾಂತದಲ್ಲಿ 1984ರಿಂದ ನೆಲಸಿ, ಫ್ರೆಂಚ್ ಗಂಡನೊಡನೆ ಸಂಸಾರ ನಡೆಸುತ್ತಿದ್ದ ಬ್ರಿಟಿಷ್ ಮಹಿಳೆಯೊಬ್ಬರ ಹೆಸರನ್ನು ಅಲ್ಲಿನ ಸ್ಥಳೀಯ ಮತದಾರರ ಪಟ್ಟಿಯಿಂದ ತೆಗೆದುಹಾಕಿದರು. ಹದಿನೈದು ವರ್ಷಕ್ಕೂ ಹೆಚ್ಚು ಕಾಲ ವಿದೇಶದಲ್ಲಿದ್ದವರಿಗೆ ಆಗ ಬ್ರಿಟನ್ನಿನಲ್ಲಿ ಮತವಿರಲಿಲ್ಲವಾದ್ದರಿಂದ, ತಮ್ಮ ಬಾಳನ್ನೇ ಮುಟ್ಟುವ 2016ರ ಜನಮತದಲ್ಲಿಯೂ ಅವರಿಗೆ ಧ್ವನಿಯಿರಲಿಲ್ಲ. ಐರೋಪ್ಯ ನ್ಯಾಯಾಲಯವು 2022ರ ಜೂನ್ 9ರಂದು, ಒಕ್ಕೂಟದ ಪೌರತ್ವವು ಸದಸ್ಯ ರಾಷ್ಟ್ರದ ಪೌರತ್ವವನ್ನು ಅವಲಂಬಿಸಿದ್ದು, ರಾಷ್ಟ್ರವು ಹೊರನಡೆದಾಗ ಅದೂ ತಾನಾಗಿ ಲುಪ್ತವಾಗುತ್ತದೆಂದು ತೀರ್ಪಿತ್ತಿತು. ಶಾಸ್ತ್ರದೃಷ್ಟಿಯಿಂದ ಈ ತೀರ್ಪನ್ನು ಅಲ್ಲಗಳೆಯುವುದು ಕಷ್ಟ. ಆದರೂ, ವ್ಯಕ್ತಿಯು ಸ್ವತಃ ಅನುಭವಿಸುತ್ತಿದ್ದ ಹಕ್ಕನ್ನು ಅವನ ರಾಷ್ಟ್ರವು ಅವನ ಮತವನ್ನು ಕೇಳದೆಯೇ ಒಪ್ಪಿಸಿಬಿಡಬಹುದೆಂದು ಇದರಿಂದ ಸಿದ್ಧವಾದದ್ದು ನನಗೆ ಕಳವಳದ ವಿಷಯವಾಗಿಯೇ ಉಳಿದಿದೆ.

ಹೊಸದಾಗಿ ಹೊರಡುವವರ ಸ್ಥಿತಿ ಇನ್ನೂ ಕಠಿನ. ಬ್ರಿಟಿಷ್ ಪ್ರಜೆಯು, ಪರಸ್ಪರ ಗಡಿತಪಾಸಣೆಯನ್ನು ತೆಗೆದುಹಾಕಿದ ಐರೋಪ್ಯ ದೇಶಗಳ ಷೆಂಗೆನ್ ವಲಯದಲ್ಲಿ ಪ್ರವಾಸಿಯಾಗಿ ಯಾವುದೇ 180 ದಿನಗಳ ಅವಧಿಯಲ್ಲಿ 90 ದಿನ ಇರಬಹುದು. ಕೆಲಸ ಮಾಡಬೇಕೆಂದರೆ ಆಯಾ ದೇಶದ ಶಾಸನವನ್ನು ಅನುಸರಿಸಬೇಕು. ಮೊದಲು ಒಂದೇ ಇದ್ದ ನಿಯಮಕ್ಕೆ ಬದಲಾಗಿ ಈಗ, ಐರ್ಲೆಂಡನ್ನು ಬಿಟ್ಟು, ಇಪ್ಪತ್ತಾರು ದೇಶಗಳ ನಿಯಮಗಳು. 2020ರ ಡಿಸೆಂಬರ್ 30ರಂದು ಸಹಿಯಾದ ವಾಣಿಜ್ಯ ಮತ್ತು ಸಹಕಾರದ ಒಪ್ಪಂದದಲ್ಲಿ ಕೆಲವರಿಗೆ ದಾರಿ ಇಟ್ಟಿದ್ದಾರೆ. ಆದರೆ ಆ ದಾರಿ ಯಾರಿಗೆಂಬುದನ್ನು ನೋಡಬೇಕು. ದೊಡ್ಡ ಸಂಸ್ಥೆ ತನ್ನ ಅಧಿಕಾರಿಯನ್ನು ಲಂಡನ್ನಿನ ಕಚೇರಿಯಿಂದ ಫ್ರಾಂಕ್‌ಫರ್ಟಿನ ಕಚೇರಿಗೆ ವರ್ಗ ಮಾಡಬಹುದು. ಸ್ವತಂತ್ರವಾಗಿ ವೃತ್ತಿ ನಡೆಸುವವನಿಗೆ ವಿಶ್ವವಿದ್ಯಾನಿಲಯದ ಪದವಿಯೂ ಆರು ವರ್ಷಗಳ ಅನುಭವವೂ ಇದ್ದರೆ ಗೊತ್ತಾದ ಕೆಲವು ವೃತ್ತಿಗಳಲ್ಲಿ ಕರಾರಿನ ಕೆಲಸಕ್ಕೆ ಹೋಗಬಹುದು. ಗಾರೆಯ ಮೇಸ್ತ್ರಿಗೆ ಅಲ್ಲಿ ಸ್ಥಳವಿಲ್ಲ. ಚಳಿಗಾಲ ಬಂತೆಂದರೆ ಫ್ರಾನ್ಸಿನ ಆಲ್ಪ್ಸ್ ಪರ್ವತದ ವಸತಿಗೃಹಗಳಲ್ಲಿ ಅಡುಗೆಗೂ ಬಡಿಸುವುದಕ್ಕೂ ಸೇರುತ್ತಿದ್ದ ಹದಿನೆಂಟು ಇಪ್ಪತ್ತರ ಹುಡುಗ ಹುಡುಗಿಯರಿಗೂ ಇಲ್ಲ. ಸಂಗೀತಗಾರರ ತಂಡವು ಹಿಂದೆ ವ್ಯಾನಿನಲ್ಲಿ ವಾದ್ಯಗಳನ್ನು ತುಂಬಿಕೊಂಡು ಇಂದು ಬ್ರಸೆಲ್ಸ್, ನಾಳೆ ಕೊಲೋನ್, ನಾಡಿದ್ದು ಪ್ರಾಗ್ ಎಂದು ಕಛೇರಿ ನಡೆಸುತ್ತ ಸಾಗುತ್ತಿತ್ತು. ಈಗ ದೇಶದೇಶಕ್ಕೂ ಕೆಲಸದ ನಿಯಮವನ್ನು ಬೇರೆ ಬೇರೆಯಾಗಿ ವಿಚಾರಿಸಿ, ಲಾರಿಯಲ್ಲಿ ಸಾಗಿಸುವ ಸಾಮಗ್ರಿಗೆ ಸುಂಕದ ಕಾಗದಗಳನ್ನು ಹೊಂದಿಸಿಕೊಳ್ಳಬೇಕಾಗಿದೆ. ಹೆಸರುವಾಸಿಯಾದವರಿಗೆ ಇದನ್ನೆಲ್ಲ ನೋಡಿಕೊಳ್ಳಲು ಆಳುಗಳಿದ್ದಾರೆ. ಇನ್ನೂ ಹೆಸರು ಮಾಡಬೇಕಾದವರು ಊರಿನಲ್ಲಿಯೇ ಉಳಿಯುತ್ತಾರೆ, ಮತ್ತು ಹೊರಡದೇ ಉಳಿದವರನ್ನು ಯಾವ ಸರ್ಕಾರದ ಅಂಕಿಅಂಶವೂ ಎಣಿಸುವುದಿಲ್ಲ.

ಈ ನಷ್ಟವು ಎಲ್ಲರ ಪಾಲಿಗೂ ಸಮನಾಗಿ ಬೀಳಲಿಲ್ಲವೆಂಬುದೇ ನನಗೆ ಇದರಲ್ಲಿ ಅತ್ಯಂತ ಅನ್ಯಾಯವಾಗಿ ಕಾಣುವ ಅಂಶ. ಅಜ್ಜನೋ ಅಜ್ಜಿಯೋ ಐರ್ಲೆಂಡಿನಲ್ಲಿ ಹುಟ್ಟಿದ್ದರೆ ಮೊಮ್ಮಗನು ಐರಿಷ್ ಪೌರತ್ವವನ್ನು ಕೇಳಿ ಪಡೆಯಬಹುದು. ಉತ್ತರ ಐರ್ಲೆಂಡಿನವರಿಗೆ 1998ರ ಬೆಲ್‌ಫಾಸ್ಟ್ ಒಪ್ಪಂದವು ಆ ಹಕ್ಕನ್ನು ಮಾನ್ಯಮಾಡಿದೆ. ಒಂದೇ ಬೀದಿಯ ಎರಡು ಮನೆಗಳ ಮಕ್ಕಳು ಒಂದೇ ಶಾಲೆಯಲ್ಲಿ ಓದಿ, ಒಂದೇ ವೃತ್ತಿಯನ್ನು ಕಲಿತು, ಅಜ್ಜಿಯ ಜನ್ಮಪತ್ರವೊಂದರ ಕಾರಣದಿಂದ ಒಬ್ಬನಿಗೆ ಇಪ್ಪತ್ತೇಳು ದೇಶಗಳ ಕೆಲಸದ ಮಾರುಕಟ್ಟೆಯೂ ಇನ್ನೊಬ್ಬನಿಗೆ ಬ್ರಿಟನ್ ಮತ್ತು ಐರ್ಲೆಂಡ್ ಮಾತ್ರವೂ ದೊರಕುವುದೆಂದರೆ, ಪ್ರಜೆಗಳೆಲ್ಲರಿಗೂ ಸಮಾನವಾಗಿದ್ದ ಅವಕಾಶವು ವಂಶಪರಂಪರೆಯ ಸೊತ್ತಾಯಿತೆಂದೇ ಅರ್ಥ.

ನಮ್ಮ ನೆರೆಯ ಗೋವೆಯವರನ್ನೂ ಈ ಬದಲಾವಣೆ ಮುಟ್ಟಿತು. 1961ರ ಡಿಸೆಂಬರಿನಲ್ಲಿ ಗೋವೆ ವಿಮೋಚನೆಗೊಳ್ಳುವುದಕ್ಕೆ ಮುಂಚೆ ಅಲ್ಲಿ ಹುಟ್ಟಿದವರಿಗೂ ಅವರ ಮಕ್ಕಳು ಮೊಮ್ಮಕ್ಕಳಿಗೂ ಪೋರ್ಚುಗಲ್ಲಿನ ಶಾಸನದಂತೆ ಆ ದೇಶದ ಪೌರತ್ವವನ್ನು ಪಡೆಯುವ ಮಾರ್ಗವುಂಟು. ಭಾರತದ ಸಂವಿಧಾನ ಎರಡು ಪೌರತ್ವಗಳನ್ನು ಒಪ್ಪದಾದುದರಿಂದ, ಹಾಗೆ ಪಡೆಯುವವರು ಭಾರತೀಯರಾಗಿ ಉಳಿಯಲಾರರು. ಆ ತ್ಯಾಗವನ್ನು ಮಾಡಿ ಪೋರ್ಚುಗೀಸ್ ಪಾಸ್‌ಪೋರ್ಟು ಹಿಡಿದ ಸಹಸ್ರಾರು ಮಂದಿ ಲಿಸ್ಬನ್ನಿನಲ್ಲಿ ನಿಲ್ಲದೆ, ಇಂಗ್ಲಿಷು ಬಲ್ಲವರಾಗಿ, ಲಂಡನ್ನಿನ ಸೌತಾಲಿಗೂ ಸ್ವಿಂಡನ್ ಪಟ್ಟಣದ ಉಗ್ರಾಣ ಕಾರ್ಖಾನೆಗಳಿಗೂ ಹೋಗಿ ಸೇರಿದರು. ಸಮಯಕ್ಕೆ ಅರ್ಜಿ ಹಾಕಿ ನೆಲೆಯನ್ನು ದೃಢಪಡಿಸಿಕೊಂಡವರು ಅಲ್ಲಿ ಉಳಿದಿದ್ದಾರೆ. ಆದರೆ ಅದೇ ಆಸೆಯಿಂದ ಕಾಗದಪತ್ರ ಹೊಂದಿಸುತ್ತಿದ್ದ ಅವರ ತಮ್ಮಂದಿರಿಗೆ 2021ರಿಂದೀಚೆಗೆ ಆ ಪಾಸ್‌ಪೋರ್ಟಿನಿಂದ ಬ್ರಿಟನ್ನಿನಲ್ಲಿ ಕೆಲಸದ ಹಕ್ಕು ದೊರೆಯುವುದಿಲ್ಲ. ಕಾರವಾರದ ಆಚೆಯ ಹಳ್ಳಿಯೊಂದರ ಯುವಕನ ಭವಿಷ್ಯವನ್ನು, ಅವನು ಎಂದೂ ಕಾಣದ ಲಿಂಕನ್‌ಷೈರಿನ ಮತಪೆಟ್ಟಿಗೆ ಹೀಗೆ ತಿರುಗಿಸಿತು.

ಭಾರತೀಯರಿಗೆ ಇದರಿಂದ ಲಾಭವಾಯಿತೆಂದು ವಾದಿಸುವವರಿದ್ದಾರೆ. ಐರೋಪ್ಯರಿಗೆ ಬಾಗಿಲು ಮುಚ್ಚಿದ ಮೇಲೆ ಆಸ್ಪತ್ರೆ, ವೃದ್ಧಾಶ್ರಮ, ಗಣಕಯಂತ್ರದ ಕಚೇರಿಗಳಿಗೆ ಜನ ಬೇಕಾಗಿ, ಬ್ರಿಟನ್ ಕೊಟ್ಟ ಕೆಲಸದ ವೀಸಾಗಳಲ್ಲಿ ಭಾರತೀಯರ ಪಾಲು ಅಗ್ರಸ್ಥಾನದಲ್ಲಿದ್ದದ್ದು ಸತ್ಯ. ನಮ್ಮ ಬೆಂಗಳೂರಿನ ಎಂಜಿನಿಯರುಗಳೂ ಮಂಗಳೂರಿನ ದಾದಿಯರೂ ಆ ಸಾಲಿನಲ್ಲಿದ್ದಾರೆ. ವಲಸೆಯನ್ನು ಇಳಿಸಬೇಕೆಂದು ಮತವಿತ್ತ ದೇಶದಲ್ಲಿ 2023ರ ಮಧ್ಯಭಾಗಕ್ಕೆ ಕೊನೆಗೊಂಡ ವರ್ಷದ ನಿವ್ವಳ ವಲಸೆಯು 9 ಲಕ್ಷವನ್ನು ಮೀರಿತು. ಆದರೆ ನಮ್ಮವರಿಗೆ ದೊರೆತದ್ದು ಯಾವ ಬಗೆಯ ಸ್ವಾತಂತ್ರ್ಯ? ವೀಸಾ ಧಣಿಯ ಪ್ರಾಯೋಜಕತ್ವಕ್ಕೆ ಕಟ್ಟಿಬಿದ್ದದ್ದು. ಕೆಲಸ ಹೋದರೆ ಸಾಮಾನ್ಯವಾಗಿ 60 ದಿನಗಳೊಳಗೆ ಬೇರೆ ಧಣಿಯನ್ನು ಹುಡುಕಬೇಕು, ಇಲ್ಲವೆ ಗಂಟುಮೂಟೆ ಕಟ್ಟಬೇಕು. ಕುಶಲ ಕೆಲಸಗಾರನಿಗೆ ಬೇಕಾದ ಕನಿಷ್ಠ ಸಂಬಳವನ್ನು 2024ರ ಏಪ್ರಿಲಿನಲ್ಲಿ ವರ್ಷಕ್ಕೆ 38,700 ಪೌಂಡಿಗೂ, 2025ರ ಜುಲೈಯಲ್ಲಿ 41,700 ಪೌಂಡಿಗೂ ಏರಿಸಿದರು. ವೃದ್ಧರ ಆರೈಕೆಗೆಂದು ಹೊಸದಾಗಿ ಹೋಗುವವರು ಸಂಸಾರವನ್ನು ಕರೆತರಬಾರದೆಂದು 2024ರ ಮಾರ್ಚಿನಲ್ಲಿ ಕಟ್ಟು ಮಾಡಿದರು. ಮರುವರ್ಷ ವಿದೇಶದಿಂದ ಅಂಥವರ ನೇಮಕವನ್ನೇ ನಿಲ್ಲಿಸಿದರು. ನಿನ್ನೆ ಕರೆದವರೇ ಇಂದು ಬೇಡವೆನ್ನುವುದು ಅನುಮತಿಯ ಸ್ವಭಾವ. ಐರೋಪ್ಯನನ್ನು ಕೆಳಗಿಳಿಸಿ ಕನ್ನಡಿಗನ ಪಕ್ಕದಲ್ಲಿ ನಿಲ್ಲಿಸಿದ್ದರಿಂದ ಕನ್ನಡಿಗನು ಒಂದು ಮೆಟ್ಟಿಲೂ ಮೇಲೇರಲಿಲ್ಲ.

ಈಗ ಬ್ರಿಟನ್ನಿನ ಹೊಸ ಸರ್ಕಾರವು ಕೆಟ್ಟದ್ದನ್ನು ಅಲ್ಪಸ್ವಲ್ಪ ಸರಿಪಡಿಸಲು ಹೊರಟಿದೆ. 2025ರ ಮೇ 19ರಂದು ಲಂಡನ್ನಿನಲ್ಲಿ ನಡೆದ ಸಭೆಯಲ್ಲಿ ಒಕ್ಕೂಟದೊಡನೆ ಯುವಜನರಿಗಾಗಿ ಒಂದು ಯೋಜನೆಯನ್ನು ರೂಪಿಸಲು ಉಭಯಪಕ್ಷಗಳೂ ಒಪ್ಪಿದವು. ಅದರ ಸ್ವರೂಪವನ್ನು ಊಹಿಸಲು ನಮಗೆ ಕಷ್ಟವಿಲ್ಲ; ಭಾರತದೊಡನೆ ಬ್ರಿಟನ್ 2023ರಿಂದ ನಡೆಸುತ್ತಿರುವ ಯುವವೃತ್ತಿಪರರ ಯೋಜನೆಯಲ್ಲಿ, ಹದಿನೆಂಟರಿಂದ ಮೂವತ್ತರ ವಯಸ್ಸಿನ ಪದವೀಧರರಲ್ಲಿ ವರ್ಷಕ್ಕೆ 3,000 ಮಂದಿಗೆ, ಚೀಟಿಯೆತ್ತಿ, ಎರಡು ವರ್ಷದ ಮಟ್ಟಿಗೆ ಅವಕಾಶ ಕೊಡುತ್ತಾರೆ. ಐರೋಪ್ಯರೊಡನೆ ನಡೆದಿರುವ ಮಾತುಕತೆಯಲ್ಲಿಯೂ ಸಂಖ್ಯೆಗೆ ಮಿತಿ, ಕಾಲಕ್ಕೆ ಮಿತಿ, ವಯಸ್ಸಿಗೆ ಮಿತಿ ಎಂಬ ಮಾತೇ ಮುಂದಾಗಿದೆ. ಇಷ್ಟಾದರೂ ದೊರೆಯಲೆಂದು ನಾನು ಮನಃಪೂರ್ವಕವಾಗಿ ಹಾರೈಸುತ್ತೇನೆ, ಏಕೆಂದರೆ ಇಪ್ಪತ್ತರ ಹರೆಯದಲ್ಲಿ ಪರದೇಶದ ಕೂಲಿಯನ್ನು ಉಂಡವನ ಲೋಕದೃಷ್ಟಿ ಹಿಗ್ಗುತ್ತದೆ. ಆದರೆ ನಲವತ್ತೈದು ವರ್ಷ ವಯಸ್ಸಿನ ಗಾರೆಯವನು, ಊರಿನಲ್ಲಿ ಕೆಲಸ ಕಡಮೆಯಾದ ವರ್ಷ ಡ್ಯುಸೆಲ್‌ಡಾರ್ಫಿನಲ್ಲಿ ಕಟ್ಟಡವೇಳುತ್ತಿರುವ ಸುದ್ದಿ ಕೇಳಿ ಮರುದಿನವೇ ಹೊರಡಬಹುದಾದ ವ್ಯವಸ್ಥೆಯನ್ನು ಕುರಿತು ಆ ಮಾತುಕತೆಯಲ್ಲಿ ಯಾವ ಪಕ್ಷದವರೂ ಪ್ರಸ್ತಾಪಿಸಿಲ್ಲ.